ಭಾಷಾವಿಜ್ಞಾನ ಓದಿದರೆ ಮುಂದೇನು? ಹಾಸನ, ಚಿಕ್ಕಮಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಆಲೂರು ಕಡೆಯವನು. ಹಾಸನದಲ್ಲಿ ಡಿಗ್ರಿ ಮುಗಿಸಿ, ಮೈಸೂರಿಗೆ ಹೋಗಿ ಭಾಷಾವಿಜ್ಞಾನದಲ್ಲಿ ಎಂಎ ಮಾಡಿದೆ. ಈಗ ಕಂಪ್ಯೂಟರಿಗೆ ಕನ್ನಡ ಕಲಿಸುವ ಕೆಲಸ ನನ್ನದು. ಊರಿಗೆ ಬಂದಾಗಲೆಲ್ಲ ಬಸ್ ಸ್ಟ್ಯಾಂಡಿನಲ್ಲೋ ಮದುವೆ ಮನೆಯಲ್ಲೋ ಯಾರಾದರೂ ಹಿಡಿದು ನಿಲ್ಲಿಸಿ ಅವೇ ಪ್ರಶ್ನೆ ಕೇಳುತ್ತಾರೆ. ಈಗೀಗ ಹುಡುಗರಿಗಿಂತ ಅವರ ಅಪ್ಪ ಅಮ್ಮಂದಿರೇ ಜಾಸ್ತಿ ಕೇಳುತ್ತಾರೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಭಾಷಾವಿಜ್ಞಾನ ಅಂದರೆ ಏನು? ಕನ್ನಡ ಎಂಎನೇ ಅಲ್ವಾ ಅದು?

ಅಲ್ಲ. ಕನ್ನಡ ಎಂಎಯಲ್ಲಿ ಸಾಹಿತ್ಯ ಮುಖ್ಯ. ಪಂಪ, ಕುಮಾರವ್ಯಾಸ, ವಚನ, ನವ್ಯ, ವಿಮರ್ಶೆ ಎಲ್ಲ ಬರುತ್ತೆ. ಅದರೊಳಗೆ ಭಾಷಾವಿಜ್ಞಾನ ಒಂದೋ ಎರಡೋ ಪತ್ರಿಕೆ ಅಷ್ಟೆ. ಭಾಷಾವಿಜ್ಞಾನದ ಎಂಎಯಲ್ಲಿ ಭಾಷೆಯೇ ವಿಷಯ. ಬಾಯಲ್ಲಿ ಸದ್ದು ಹೇಗೆ ಹುಟ್ಟುತ್ತೆ, ಸದ್ದು ಸೇರಿ ಪದ ಹೇಗಾಗುತ್ತೆ, ಪದ ಸೇರಿ ವಾಕ್ಯ ಹೇಗಾಗುತ್ತೆ, ಮಗು ಇದನ್ನೆಲ್ಲ ಯಾರೂ ಹೇಳಿಕೊಡದೆ ಹೇಗೆ ಕಲಿಯುತ್ತೆ, ಸಾವಿರ ವರ್ಷದಲ್ಲಿ ಭಾಷೆ ಹೇಗೆ ಬದಲಾಗುತ್ತೆ ಅನ್ನುವುದೆಲ್ಲ ಅಲ್ಲಿ ಪಾಠ. ಕನ್ನಡವೇ ಆಗಬೇಕೆಂದಿಲ್ಲ. ತುಳು, ಲಂಬಾಣಿ, ಜಪಾನಿ, ಯಾವುದಾದರೂ ಸರಿ.

ಅಂದರೆ ತಪ್ಪು ಕನ್ನಡ ತಿದ್ದುವ ವಿದ್ಯೆ?

ಜನ ಅತಿ ಹೆಚ್ಚು ತಪ್ಪು ತಿಳಿದಿರುವುದು ಇದನ್ನೇ. ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ನಮ್ಮ ಹಳ್ಳಿ ಕಡೆ ಹಾಸನಕ್ಕೆ 'ಆಸನ' ಅಂತಾರೆ. ಹಾಲು 'ಆಲು', ಹೋಗ್ತೀನಿ 'ಓಯ್ತೀನಿ'. ಹೈಸ್ಕೂಲಿಗೆ ಪೇಟೆಗೆ ಬಂದಾಗ ಇದಕ್ಕಾಗಿ ನಾನು ನಗೆಪಾಟಲಾಗಿದ್ದೆ. ಆ ಹೆದರಿಕೆಯಲ್ಲಿ ಎಲ್ಲದಕ್ಕೂ 'ಹ' ಹಚ್ಚಲು ಹೋಗಿ ಒಂದು ದಿನ ಆನೆಯನ್ನು 'ಹಾನೆ' ಅಂದುಬಿಟ್ಟೆ. ಆಮೇಲೆ ಇಡೀ ವರ್ಷ ನನ್ನ ಹೆಸರೇ ಹಾನೆ.

ಎಂಎ ಮೊದಲ ವರ್ಷದಲ್ಲಿ ಹಲ್ಮಿಡಿ ಶಾಸನದ ಪಾಠ ಬಂತು. ಹಲ್ಮಿಡಿ ನಮ್ಮ ಬೇಲೂರು ತಾಲೂಕಿನ ಊರು. ಶಾಸನ ಸುಮಾರು ಕ್ರಿ.ಶ. 450ರದು. 1936ರಲ್ಲಿ ಎಂ.ಎಚ್. ಕೃಷ್ಣ ಅದನ್ನು ಬೆಳಕಿಗೆ ತಂದರು. ಮೂಲ ಕಲ್ಲು ಈಗ ಮೈಸೂರಿನ ಪುರಾತತ್ವ ಇಲಾಖೆಯಲ್ಲಿದೆ, ಊರಲ್ಲಿ ಇರುವುದು ಪ್ರತಿಕೃತಿ. ಅದರಲ್ಲಿ ಊರಿನ ಹೆಸರು ಹಲ್ಮಿಡಿ ಅಂತ ಇಲ್ಲ, 'ಪಲ್ಮಿಡಿ' ಅಂತಿದೆ. ಆಗ ಹಾಲು 'ಪಾಲ್', ಹೂವು 'ಪೂ', ಹಲ್ಲು 'ಪಲ್'. ತಮಿಳಿನಲ್ಲೂ ತೆಲುಗಿನಲ್ಲೂ ಆ 'ಪ' ಇವತ್ತಿಗೂ ಇದೆ. ಕನ್ನಡದಲ್ಲಿ ಹತ್ತನೇ ಶತಮಾನದ ಹೊತ್ತಿಗೆ ಅದು 'ಹ' ಆಗತೊಡಗಿತು. 'ಪ' ಅನ್ನಲು ತುಟಿ ಮುಚ್ಚಬೇಕು. ಮುಚ್ಚುವುದು ಸಡಿಲವಾದರೆ ಉಳಿಯುವುದು ಬರೀ ಉಸಿರು, ಅದೇ 'ಹ'. ಆ ಉಸಿರೂ ಕರಗಿದರೆ 'ಆಲು'. ಅಂದರೆ ಪಾಲ್, ಹಾಲು, ಆಲು ಒಂದೇ ದಾರಿಯ ಮೂರು ನಿಲ್ದಾಣ. ಪೇಟೆಯವರು ಎರಡನೆಯದರಲ್ಲಿ ನಿಂತಿದ್ದಾರೆ, ನಮ್ಮಜ್ಜಿ ಮೂರನೆಯದಕ್ಕೆ ಹೋಗಿ ಇಳಿದಿದ್ದಾಳೆ. ಮೊದಲು 'ಹಾಲು' ಅಂದವನನ್ನೂ 'ಪಾಲ್' ಅನ್ನುವವರು ಹೀಗೇ ನೋಡಿ ನಕ್ಕಿರಬೇಕು!

ಇನ್ನೊಂದು ಇದೆ. ನಮ್ಮ ಕಡೆ 'ಅವನಿಗೆ' ಅನ್ನಲ್ಲ, 'ಅವಂಗೆ' ಅಂತೀವಿ. ಅದೂ ತಪ್ಪು ಅಂತ ಮೇಷ್ಟ್ರು ಕೆಂಪು ಗೀಟು ಎಳೆಯುತ್ತಿದ್ದರು. ಅದೇ ಹಲ್ಮಿಡಿ ಶಾಸನದಲ್ಲಿ ಊರುಗಳನ್ನು ದಾನ ಕೊಟ್ಟಿದ್ದು 'ಅರಸಂಗೆ', ಅರಸನಿಗೆ ಅಲ್ಲ. ಹಳಗನ್ನಡದ ಆ ರೂಪ ನಮ್ಮೂರ ಜಗಲಿ ಮೇಲೆ ಇನ್ನೂ ಬದುಕಿದೆ.

ಭಾಷಾವಿಜ್ಞಾನಿ ತಿದ್ದಲು ಹೋಗುವುದಿಲ್ಲ. ಹೀಗೆ ಯಾಕೆ ಅಂತಾರೆ, ಎಲ್ಲಿ ಅಂತಾರೆ, ಯಾವಾಗಿನಿಂದ ಅಂತ ಕೇಳುತ್ತಾನೆ. ಅರ್ಜಿ ಬರೆಯುವಾಗ, ಪರೀಕ್ಷೆ ಬರೆಯುವಾಗ ಶಿಷ್ಟ ಕನ್ನಡ ಬೇಕು, ಅದು ಬೇರೆ ಮಾತು.

ತರಗತಿಯಲ್ಲಿ ನಿಜಕ್ಕೂ ಏನು ಮಾಡಿಸುತ್ತಾರೆ?

ಮೊದಲ ತಿಂಗಳು ಕನ್ನಡಿ ಹಿಡಿದು ಬಾಯಿ ನೋಡಿಕೊಳ್ಳುವುದೇ ಕೆಲಸ. ತಮಾಷೆಯಲ್ಲ. ನೀವೂ ಈಗಲೇ ಅಂಕ, ಅಂಚು, ಅಂಟು, ಅಂದ, ಅಂಬು ಅಂತ ಮೆಲ್ಲಗೆ ಹೇಳಿ ನೋಡಿ. ಬರೆಯುವಾಗ ಐದಕ್ಕೂ ಒಂದೇ ಸೊನ್ನೆ. ಬಾಯಲ್ಲಿ ಮಾತ್ರ ಮೊದಲ ನಾಲ್ಕಕ್ಕೆ ನಾಲಿಗೆ ನಾಲ್ಕು ಕಡೆ ಓಡಾಡುತ್ತೆ, ಕೊನೆಯದಕ್ಕೆ ತುಟಿಯೇ ಮುಚ್ಚಿಕೊಳ್ಳುತ್ತೆ. ಯಾರೂ ಹೇಳಿಕೊಡದಿದ್ದರೂ ಐದನ್ನೂ ನೀವು ಸರಿಯಾಗಿಯೇ ಅಂದಿರಿ. ಗೊತ್ತಿದೆ ಅಂತಲೇ ಗೊತ್ತಿಲ್ಲದ ಇಂಥ ನಿಯಮಗಳನ್ನು ಹೊರಗೆ ಎಳೆಯುವುದೇ ಇಲ್ಲಿನ ಪಾಠ.

ಆಮೇಲೆ ಜೋಡಿ ಹುಡುಕುವುದು. 'ಕಲ್ಲು' ಮತ್ತು 'ಕಳ್ಳು'. ಒಂದೇ ಸದ್ದು ಬದಲಾದರೆ ಅರ್ಥ ಎಲ್ಲಿಂದ ಎಲ್ಲಿಗೋ ಹೋಗುತ್ತೆ. ಹಾಗಾದರೆ ಕನ್ನಡದಲ್ಲಿ ಲ ಮತ್ತು ಳ ಎರಡು ಬೇರೆ ಬೇರೆ ಧ್ವನಿ ಅಂತ ಲೆಕ್ಕ. ಎಷ್ಟೋ ಭಾಷೆಗಳಲ್ಲಿ ಆ ಭೇದವೇ ಇಲ್ಲ. ಆಮೇಲೆ ಪದ ಬಿಡಿಸುವುದು. 'ಮಾಡಿಸಿಕೊಂಡಿರಬೇಕಿತ್ತಲ್ಲ' ಅನ್ನುವುದು ನಮಗೆ ಒಂದೇ ಉಸಿರಿನ ಮಾತು. ಬಿಡಿಸಿದರೆ ಮಾಡು, ಇಸು, ಕೊಂಡು, ಇರು, ಬೇಕು, ಇತ್ತು, ಅಲ್ಲ. ಏಳು ತುಂಡು! ಅದರ ಕ್ರಮ ಬದಲಿಸಿ ನೋಡಿ, ಒಂದೂ ಆಗಲ್ಲ.

ವಾಕ್ಯರಚನೆಯ ಪತ್ರಿಕೆ ನನಗೆ ಕಷ್ಟವಾಗಿತ್ತು. ಮರದ ಕೊಂಬೆಯಂತೆ ಚಿತ್ರ ಬರೆದು ವಾಕ್ಯ ಬಿಡಿಸಬೇಕು. ಗಣಿತದ ಬುದ್ಧಿ ಇದ್ದವರಿಗೆ ಅದು ಬಲು ಇಷ್ಟವಾಗುತ್ತೆ.

ಕೊನೆಗೆ ಕ್ಷೇತ್ರಕಾರ್ಯ. ರೆಕಾರ್ಡರ್ ಹಿಡಿದು ಯಾವುದಾದರೂ ಊರಿಗೆ ಹೋಗಿ, ಜನರ ಮಾತು ಹಿಡಿದು, ಯಾವ ಭಾಷೆಯ ಸದ್ದನ್ನೂ ಬರೆಯಬಹುದಾದ ಅಂತರರಾಷ್ಟ್ರೀಯ ಧ್ವನಿಲಿಪಿಯಲ್ಲಿ ಬರೆದು ತರಬೇಕು. ಎರಡು ವರ್ಷದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟಿದ್ದು ಅದೇ.

ಹತ್ತಾರು ಭಾಷೆ ಬರಬೇಕಾ?

ಬೇಡ. ಮೀನಿನ ಬಗ್ಗೆ ಓದುವವನಿಗೆ ಈಜು ಬರಲೇಬೇಕು ಅಂತೇನಿಲ್ಲ. ಬಂದರೆ ಅನುಕೂಲ, ಅಷ್ಟೆ.

ನಮ್ಮ ಜಿಲ್ಲೆಗಳಲ್ಲಿ ಅಧ್ಯಯನ ಮಾಡುವಂಥದ್ದು ಏನಿದೆ?

ಕೇಳುವುದೇ ಬೇಡ. ಹಾಸನದ ಪಕ್ಕದ ಕೌಶಿಕದಲ್ಲಿ ಸಂಕೇತಿ ಮಾತಾಡುವ ಮನೆಗಳಿವೆ. ತಮಿಳಿಗೆ ಹತ್ತಿರದ ಮಾತು ಅದು, ಕೆಲವರು ತಮಿಳಿನ ಉಪಭಾಷೆ ಅಂತಲೇ ಕರೆಯುತ್ತಾರೆ. ಕನ್ನಡದ ನಡುವೆ ನೂರಾರು ವರ್ಷ ಇದ್ದು ಕನ್ನಡದ ಬಣ್ಣ ಚೆನ್ನಾಗಿ ಹಿಡಿದಿದೆ. ಬೇಲೂರು ತಾಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿ ಜನರ ಮನೆಮಾತು ವಾಗ್ರಿ. ಅದು ದ್ರಾವಿಡವೇ ಅಲ್ಲ, ಗುಜರಾತಿ ಇರುವ ಇಂಡೋ-ಆರ್ಯನ್ ಕುಟುಂಬದ್ದು. ಕಡೂರು, ತರೀಕೆರೆ ಕಡೆಯ ತಾಂಡಾಗಳಲ್ಲಿ ಲಂಬಾಣಿ. ಕೊಪ್ಪ, ಶೃಂಗೇರಿ, ಮೂಡಿಗೆರೆಗಳಲ್ಲಿ ತುಳು, ಕೊಂಕಣಿ, ಬ್ಯಾರಿ.

ಕನ್ನಡದೊಳಗೇ ನೋಡಿ. ಬಯಲುಸೀಮೆಯಲ್ಲಿ 'ಯಾಕ್ಲಾ' ಅಂದರೆ, ಘಟ್ಟದ ಅಂಚಿಗೆ ಹೋಗುತ್ತಾ 'ಎಂತಕ್ಕೆ ಮಾರಾಯ' ಆಗುತ್ತೆ. ಆ ಗೆರೆ ಸರಿಯಾಗಿ ಯಾವ ಊರಲ್ಲಿ ಹಾಯುತ್ತೆ? ಯಾರಾದರೂ ಊರೂರು ಸುತ್ತಿ ನಕ್ಷೆ ಮಾಡಿದರೆ ಒಳ್ಳೆಯ ಪಿಎಚ್‌ಡಿ ಆಗುತ್ತೆ.

ನನಗೆ ಬಹಳ ದಿನದಿಂದ ಆಸೆಯಿರುವುದು ಕಾಫಿ ತೋಟದ ಮಾತಿನ ಮೇಲೆ. ತೋಟದ ಲೆಕ್ಕ, ಆಳುಗಳನ್ನು ನೋಡಿಕೊಳ್ಳುವ ರೈಟರನ್ನು ಅರ್ಧ ದಿನ ಹಿಂಬಾಲಿಸಿ ಸಾಕು. ಸಾಹುಕಾರರ ಹತ್ತಿರ ಒಂದು ಕನ್ನಡ, ಲೈನ್ ಮನೆಯ ಹೆಂಗಸರ ಹತ್ತಿರ ತಮಿಳು ಬೆರೆತ ಇನ್ನೊಂದು ಕನ್ನಡ, ಅಸ್ಸಾಮಿನಿಂದ ಬಂದ ಹುಡುಗರ ಹತ್ತಿರ ಅಷ್ಟಿಷ್ಟು ಹಿಂದಿ, ಫೋನಿನಲ್ಲಿ ತುಳು. ಮಧ್ಯೆ ಪಲ್ಪರ್, ಪಾರ್ಚ್‌ಮೆಂಟ್, ಚೆರಿ, ಬ್ಲಾಸಮ್ ಮಳೆ. ಆ ಮನುಷ್ಯ ಭಾಷಾವಿಜ್ಞಾನದ ಹೆಸರೂ ಕೇಳಿರಲಿಕ್ಕಿಲ್ಲ. ಆದರೆ ಯಾವಾಗ ಯಾವ ಭಾಷೆಗೆ ದಾಟಬೇಕು ಅನ್ನುವುದು ಅವನಿಗೆ ಬೆರಳ ತುದಿಯಲ್ಲಿದೆ.

2011ರ ಜನಗಣತಿಯಲ್ಲಿ ಜನ ಬರೆಸಿದ ಮಾತೃಭಾಷೆಯ ಹೆಸರುಗಳು 19,569. ಅವನ್ನು ಸೋಸಿ, ಒಂದೇ ಭಾಷೆಯ ಬೇರೆ ಬೇರೆ ಹೆಸರುಗಳನ್ನು ಸೇರಿಸಿ 1,369 ಮಾಡಿದರು. ಹತ್ತು ಸಾವಿರಕ್ಕಿಂತ ಹೆಚ್ಚು ಜನ ಆಡುವ ಭಾಷೆಗಳು ಅಂತ ಪಟ್ಟಿ ಮಾಡಿದ್ದು 121. ಈ ಸೋಸುವ ಕೆಲಸವೂ ಭಾಷಾವಿಜ್ಞಾನ ಓದಿದವರದೇ.

ಎಲ್ಲಿ ಓದಬೇಕು? ಹಾಸನದಲ್ಲೇ ಆಗುತ್ತಾ?

ನಾನು ಓದುವಾಗ ಹಾಸನದಲ್ಲೂ ಇರಲಿಲ್ಲ, ಚಿಕ್ಕಮಗಳೂರಲ್ಲೂ ಇರಲಿಲ್ಲ. ನಮಗೆ ಹತ್ತಿರದ್ದು ಮೈಸೂರು. ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ಭಾಷಾವಿಜ್ಞಾನ ವಿಭಾಗವಿದೆ. ಹಾಸನದಿಂದ ಹೊಳೆನರಸೀಪುರದ ಮೇಲೆ ಹೋಗುವ ರೈಲು ಹತ್ತಿದರೆ ಆಯಿತು. ಶನಿವಾರ ಊರಿಗೆ ಬಂದು ಸೋಮವಾರ ಬೆಳಿಗ್ಗೆ ಹಿಂದಿರುಗುವವರ ಗುಂಪೇ ಇತ್ತು ನಮ್ಮದು.

ಮೈಸೂರಿನ ಇನ್ನೊಂದು ಲಾಭ, ಅದೇ ಮಾನಸಗಂಗೋತ್ರಿಯಲ್ಲಿ ಭಾರತೀಯ ಭಾಷಾ ಸಂಸ್ಥಾನವಿದೆ. 1969ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ಅದು ಮುಖ್ಯವಾಗಿ ಸಂಶೋಧನೆಗೆ, ಭಾಷಾ ಯೋಜನೆಗಳಿಗೆ ಇರುವ ಜಾಗ. ಅಲ್ಲಿನ ಗ್ರಂಥಾಲಯ, ಉಪನ್ಯಾಸ, ಕಾರ್ಯಾಗಾರ ಇವೆಲ್ಲ ಕೈಗೆಟುಕುವ ದೂರದಲ್ಲಿರುತ್ತವೆ. ನಾನು ಅರ್ಧ ಕಲಿತದ್ದು ಅಲ್ಲಿನ ಕಾರ್ಯಾಗಾರಗಳಲ್ಲೇ.

ದೂರ ಹೋಗುವ ಧೈರ್ಯವಿದ್ದರೆ ಹೈದರಾಬಾದ್ ವಿಶ್ವವಿದ್ಯಾಲಯ, ಅಲ್ಲಿಯದೇ ಇಫ್ಲು (ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ), ಪುಣೆಯ ಡೆಕ್ಕನ್ ಕಾಲೇಜು, ದೆಹಲಿ ವಿಶ್ವವಿದ್ಯಾಲಯ, ಜೆಎನ್‌ಯು, ತಮಿಳುನಾಡಿನ ಅಣ್ಣಾಮಲೈ. ಗಡಿಯಾಚೆ ಕುಪ್ಪಂನಲ್ಲಿ ದ್ರಾವಿಡ ವಿಶ್ವವಿದ್ಯಾಲಯವಿದೆ. ಹೆಚ್ಚಿನ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ-ಪಿಜಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಬಹುತೇಕ ಕಡೆ ಯಾವ ಡಿಗ್ರಿ ಆದರೂ ನಡೆಯುತ್ತೆ. ಒಂದು ಮಾತು ಮಾತ್ರ ನೆನಪಿಡಿ. ಇದು ಹುಡುಗರು ಕಡಿಮೆ ಸೇರುವ ವಿಷಯ. ಈ ವರ್ಷ ಪ್ರವೇಶ ಇದೆಯಾ, ಕಾಯಂ ಅಧ್ಯಾಪಕರು ಎಷ್ಟು ಜನ ಇದ್ದಾರೆ ಅಂತ ವಿಭಾಗಕ್ಕೆ ಫೋನ್ ಮಾಡಿಯೇ ಅರ್ಜಿ ಹಾಕಿ.

ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ನಿಭಾಯಿಸಬಹುದಾ?

ನಿಭಾಯಿಸಬಹುದು. ಆದರೆ ಇಂಗ್ಲಿಷ್ ಬೇಡವೇ ಬೇಡ ಅಂದರೆ ಸುಳ್ಳಾಗುತ್ತೆ. ಕನ್ನಡದಲ್ಲಿ ಒಳ್ಳೆಯ ಪುಸ್ತಕಗಳಿವೆ. ಡಿ.ಎನ್. ಶಂಕರ ಭಟ್ಟರು ಜಗತ್ತಿನ ನೂರಾರು ಭಾಷೆಗಳನ್ನು ಎದುರಿಗಿಟ್ಟುಕೊಂಡು ಇಂಗ್ಲಿಷಿನಲ್ಲಿ ಬರೆದವರು. ಆಮೇಲೆ ಅದೇ ವಿಷಯವನ್ನು ಯಾರಿಗೂ ಅರ್ಥವಾಗುವ ಕನ್ನಡದಲ್ಲೂ ಬರೆದರು. ಕನ್ನಡದ ವ್ಯಾಕರಣವನ್ನು ಸಂಸ್ಕೃತದ ಅಚ್ಚಿನಲ್ಲಿ ಬರೆಯಬಾರದು ಅನ್ನುವುದು ಅವರ ವಾದ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು, ಓದುವುದನ್ನಂತೂ ಬಿಡಬೇಡಿ. ಆದರೆ ಹೊಸ ಸಂಶೋಧನೆ ಬರುವುದು ಇಂಗ್ಲಿಷಿನಲ್ಲಿ. ಕಾಲೇಜು ಅಧ್ಯಾಪಕರಾಗಲು ಬರೆಯುವ ನೆಟ್ ಪರೀಕ್ಷೆಯ ಭಾಷಾವಿಜ್ಞಾನ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲೇ ಇರುತ್ತೆ.

ನಾನು ಮೊದಲ ಸೆಮಿಸ್ಟರ್‌ನಲ್ಲಿ ದಿನಕ್ಕೆ ನಾಲ್ಕು ಪುಟ ಓದುತ್ತಿದ್ದೆ, ಪಕ್ಕದಲ್ಲಿ ನಿಘಂಟು. ಎರಡನೇ ವರ್ಷಕ್ಕೆ ನಲವತ್ತು ಪುಟವಾಯಿತು. ಊರು ಕಡೆಯವರಿಗೆ ಒಂದು ಲಾಭವೂ ಇದೆ. ಇಂಗ್ಲಿಷ್ ಪುಸ್ತಕದಲ್ಲಿ ಉಪಭಾಷೆಯ ಬಗ್ಗೆ ಏನೇ ಬರಲಿ, ನಮ್ಮ ಹತ್ತಿರ ಉದಾಹರಣೆ ಸಿದ್ಧ ಇರುತ್ತೆ. ಪೇಟೆಯವರು ಅದಕ್ಕಾಗಿ ಬಸ್ ಹತ್ತಬೇಕು.

ನನ್ನದು ಬಿಎಸ್ಸಿ. ಬಿಇ ಮಾಡಿದವರೂ ಬರುತ್ತಾರಾ?

ಬರುತ್ತಾರೆ, ಈಗ ಜಾಸ್ತಿಯೇ. ಕೋಡಿಂಗ್ ಬರುವವನಿಗೆ ಭಾಷಾವಿಜ್ಞಾನವೂ ಬಂದರೆ ಒಳ್ಳೆಯ ಬೆಲೆ. ಪಿಯುಸಿ ವಿಜ್ಞಾನ ಓದುತ್ತಿರುವವರಿಗೆ ಹೈದರಾಬಾದಿನ ಐಐಐಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಜೊತೆ ಗಣಕ ಭಾಷಾವಿಜ್ಞಾನದ ಐದು ವರ್ಷದ ಕೋರ್ಸ್ ಇದೆ. ಪ್ರವೇಶ ಸುಲಭವಲ್ಲ.

ಸರಿ, ಕೆಲಸ ಸಿಗುತ್ತಾ? ನಿಜ ಹೇಳಿ.

'ಭಾಷಾವಿಜ್ಞಾನಿ ಬೇಕಾಗಿದ್ದಾರೆ' ಅಂತ ಪೇಪರಿನಲ್ಲಿ ಜಾಹೀರಾತು ಬರುವುದು ಕಡಿಮೆ. ಕೆಲಸ ಇದೆ, ಆದರೆ ಬೇರೆ ಬೇರೆ ಹೆಸರಿನಲ್ಲಿ ಇದೆ. ಹುಡುಕುವುದನ್ನು ಕಲಿಯಬೇಕು.

ಮೊದಲನೆಯದು ಅಧ್ಯಾಪನ, ಸಂಶೋಧನೆ. ಎಂಎಯಲ್ಲಿ ಶೇ. 55 ಬಂದಿದ್ದರೆ, ಮೀಸಲಾತಿ ಇರುವವರಿಗೆ ಶೇ. 50, ಯುಜಿಸಿ ನೆಟ್ ಬರೆಯಬಹುದು. ಭಾಷಾವಿಜ್ಞಾನದ ಕೋಡ್ 31. ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. 2023ರಿಂದ ಇದೇ ದರ. ಓದಿಕೊಂಡೇ ಮನೆಗೂ ಒಂದಿಷ್ಟು ಕಳಿಸಬಹುದು. ಆದರೆ ಆ ಮೇಲಿನ ಕಾಯಂ ಅಧ್ಯಾಪಕರ ಹುದ್ದೆಗಳು ಕಡಿಮೆ. ಪಿಎಚ್‌ಡಿ ಮುಗಿಸಿ ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಕಾಯುತ್ತಿರುವ ಗೆಳೆಯರು ನನಗಿದ್ದಾರೆ.

ಎರಡನೆಯದು ಸರ್ಕಾರಿ ಯೋಜನೆಗಳು. ಭಾರತೀಯ ಭಾಷಾ ಸಂಸ್ಥಾನದಲ್ಲಿ ಭಾಷಾ ದತ್ತಾಂಶ ಸಂಗ್ರಹ, ರಾಷ್ಟ್ರೀಯ ಅನುವಾದ ಮಿಷನ್, ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳನ್ನು ದಾಖಲಿಸುವ ಯೋಜನೆ, ಹೀಗೆ. ಕೆಲಸ ಚೆಂದ. ಕಾಡು, ಹಾಡಿ, ತಾಂಡಾ ಸುತ್ತಿಸುತ್ತಾರೆ. ಬಹುತೇಕ ಗುತ್ತಿಗೆ ಮೇಲೆ. ಯೋಜನೆ ಮುಗಿದರೆ ಮತ್ತೆ ಅರ್ಜಿ.

ಮೂರನೆಯದು ನಾನಿರುವ ಜಾಗ, ಭಾಷಾ ತಂತ್ರಜ್ಞಾನ. ಮಾತನ್ನು ಅಕ್ಷರಕ್ಕೆ ಇಳಿಸುವ, ಅಕ್ಷರವನ್ನು ಮಾತಾಗಿಸುವ, ಅನುವಾದ ಮಾಡುವ ಯಂತ್ರಗಳಿಗೆ ದತ್ತಾಂಶ ಸಿದ್ಧಮಾಡುವುದು, ತಪ್ಪು ಹಿಡಿಯುವುದು. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ 2022ರಲ್ಲಿ ಬಂತು. ಐಐಟಿ ಮದ್ರಾಸಿನ ಎಐ4ಭಾರತ್ ತಂಡವೂ ಇದರಲ್ಲೇ ಇದೆ. ಖಾಸಗಿ ಕಂಪನಿಗಳು ಬೆಂಗಳೂರಿನಲ್ಲಿ ಬೇಕಾದಷ್ಟು. ಇಲ್ಲೂ ಎಚ್ಚರ ಇರಲಿ. ಕೆಳಗಿನ ಹಂತದ ಕೆಲಸ ಗಂಟೆ ಲೆಕ್ಕದ್ದು, ಆಡಿಯೋ ಕೇಳಿ ಟೈಪ್ ಮಾಡುವುದು. ನಾನು ಶುರುವಿನಲ್ಲಿ ಸೇರಿದ್ದ ಒಂದು ಕಡೆ ಮೂರು ತಿಂಗಳ ದುಡ್ಡು ಬರಲು ಎಂಟು ತಿಂಗಳಾಯಿತು. ಒಪ್ಪಂದ ಓದದೆ ಸಹಿ ಹಾಕಿದ್ದೆ, ಅದು ನನ್ನದೂ ತಪ್ಪು. ಪೈಥಾನ್ ಅನ್ನುವ ಕೋಡಿಂಗ್ ಭಾಷೆ ಅಷ್ಟಿಷ್ಟು ಕಲಿತರೆ ಆ ಹಂತ ಬೇಗ ದಾಟಬಹುದು.

ಇದಲ್ಲದೆ ನಿಘಂಟು, ಪಠ್ಯಪುಸ್ತಕ, ಅನುವಾದ, ಸಬ್‌ಟೈಟಲ್, ಹೊರಗಿನಿಂದ ಬಂದವರಿಗೆ ಕನ್ನಡ ಕಲಿಸುವುದು. ಕೊನೆಯದರಲ್ಲಿ ಚೆನ್ನಾಗಿ ದುಡಿಯುವ ನನ್ನ ಸಹಪಾಠಿಯೊಬ್ಬಳು ಚಿಕ್ಕಮಗಳೂರಿನ ಮನೆಯಲ್ಲೇ ಕೂತು ಆನ್‌ಲೈನ್ ಪಾಠ ಮಾಡುತ್ತಾಳೆ.

ಎಐ ಎಲ್ಲ ಮಾಡುವಾಗ ಭಾಷಾವಿಜ್ಞಾನ ಯಾಕೆ?

ಒಂದು ಪ್ರಸಂಗ ಹೇಳುತ್ತೇನೆ. ನಮ್ಮ ದೊಡ್ಡಪ್ಪ ಫೋನಿಗೆ 'ಡೈರಿಗೆ ಆಲಾಕ್ಬುಟ್ ಬತ್ತೀನಿ' ಅಂದರು. ಡೈರಿಗೆ ಹಾಲು ಹಾಕಿಬಿಟ್ಟು ಬರುತ್ತೇನೆ ಅಂತ. ಫೋನು ಅದರಲ್ಲಿ 'ಡೈರಿ' ಒಂದನ್ನು ಬಿಟ್ಟು ಇನ್ನೇನೂ ಸರಿಯಾಗಿ ಬರೆಯಲಿಲ್ಲ. ಯಂತ್ರ ಕಲಿತಿದ್ದು ವಾರ್ತೆ ಓದುವವರ ಕನ್ನಡ. ಆ 'ಹ' ಎಲ್ಲಿ ಹೋಯಿತು, 'ಬರ್ತೀನಿ'ಯ 'ರ್' ಯಾಕೆ 'ತ್ತ'ದೊಳಗೆ ಮುಳುಗಿತು, 'ಹಾಕಿಬಿಟ್ಟು' ಹೇಗೆ 'ಆಕ್ಬುಟ್' ಆಯಿತು ಅನ್ನುವುದಕ್ಕೆ ನಿಯಮವಿದೆ. ಆ ನಿಯಮ ಗೊತ್ತಿರುವವರು ಯಾವ ಊರಿನ, ಯಾವ ವಯಸ್ಸಿನವರ ಮಾತು ಸಂಗ್ರಹಿಸಬೇಕು ಅಂತ ಹೇಳಬಲ್ಲರು. ಇಲ್ಲವಾದರೆ ಸುಮ್ನೆ ಇನ್ನೂ ಹತ್ತು ಸಾವಿರ ಗಂಟೆ ವಾರ್ತೆ ತುಂಬುತ್ತಾರೆ, ದೊಡ್ಡಪ್ಪ ಹೊರಗೇ ಉಳಿಯುತ್ತಾರೆ.

ಗೂಗಲ್ ಅನುವಾದಕ್ಕೆ ತುಳು ಸೇರಿದ್ದು 2024ರ ಜೂನಿನಲ್ಲಿ. ಸಂಕೇತಿ, ವಾಗ್ರಿಯ ಸರದಿ ಬರಬೇಕಾದರೆ ಮೊದಲು ಯಾರಾದರೂ ಆ ಮಾತುಗಳನ್ನು ದಾಖಲಿಸಬೇಕಲ್ಲ. ಹಾಗಂತ ಟೈಪಿಂಗ್ ಥರದ ಕೆಲಸಗಳನ್ನು ಯಂತ್ರ ತಿನ್ನುವುದಂತೂ ನಿಜ. ಅದನ್ನೇ ನಂಬಿ ಕೂರಬೇಡಿ.

ಇದನ್ನು ಓದಿ ಸ್ಪೀಚ್ ಥೆರಪಿಸ್ಟ್ ಆಗಬಹುದಾ?

ಆಗಲ್ಲ. ಅದಕ್ಕೆ ಬಿಎಎಸ್‌ಎಲ್‌ಪಿ ಅನ್ನುವ ಬೇರೆ ಪದವಿ ಬೇಕು. ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷ. ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆ ದೇಶದಲ್ಲೇ ಹೆಸರಾದದ್ದು. ಅವರಿಗೂ ಭಾಷಾವಿಜ್ಞಾನದ ಪಾಠ ಇರುತ್ತೆ. ಉದ್ಯೋಗವೇ ಮೊದಲ ಚಿಂತೆಯಾದರೆ, ಪಿಯುಸಿ ವಿಜ್ಞಾನದ ಮಕ್ಕಳಿಗೆ ನಾನು ಇದನ್ನೇ ಮೊದಲು ಹೇಳುತ್ತೇನೆ.

ಮನೆಯಲ್ಲಿ ಬಿಎಡ್ ಮಾಡು ಅಂತಾರೆ. ಏನು ಹೇಳಲಿ?

ಮಾಡಿಬಿಡಿ, ತಪ್ಪೇನಿಲ್ಲ. ನಮ್ಮಪ್ಪನೂ ಹಾಗೇ ಅಂದಿದ್ದರು. ಎಂಎ ಆದಮೇಲೂ ಬಿಎಡ್ ಮಾಡಬಹುದು ಅಂತ ಒಪ್ಪಿಸಿ ಹೋದೆ. ಆಮೇಲೆ ಬಿಎಡ್ ಮಾಡಲೇ ಇಲ್ಲ, ಅದು ಬೇರೆ ಕತೆ. ಆದರೆ ಸಾಲ ಮಾಡಿ ಓದಬೇಕಾದ ಪರಿಸ್ಥಿತಿ ಇದ್ದು, ಎರಡು ವರ್ಷದಲ್ಲಿ ಸಂಬಳ ಬರಲೇಬೇಕು ಅಂತಿದ್ದರೆ, ಈ ದಾರಿ ಹಿಡಿಯಿರಿ ಅಂತ ನಾನು ಯಾರಿಗೂ ಹೇಳಲ್ಲ. ಭಾಷಾವಿಜ್ಞಾನದ ಮೊದಲ ಕೆಲಸ ಸಿಗಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟು ದಿನ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆದೆ.

ಇನ್ನೂ ಪಿಯುಸಿಯಲ್ಲಿದ್ದೇನೆ. ಈಗಲೇ ಏನಾದರೂ ಮಾಡಬಹುದಾ?

ಪಾಣಿನಿ ಲಿಂಗ್ವಿಸ್ಟಿಕ್ಸ್ ಒಲಿಂಪಿಯಾಡ್ ಅಂತ ಶಾಲಾ ಮಕ್ಕಳಿಗೆ, ಪಿಯುಸಿಯವರಿಗೆ ಒಂದು ಸ್ಪರ್ಧೆ ಇದೆ. ಎಂದೂ ಕೇಳಿರದ ಭಾಷೆಯ ಹತ್ತು ವಾಕ್ಯ, ಅದರ ಅನುವಾದ ಕೊಟ್ಟು, ನಿಯಮ ಕಂಡುಹಿಡಿಯಿರಿ ಅಂತಾರೆ. ಒಗಟು ಬಿಡಿಸಿದ ಹಾಗೆ. ಅಲ್ಲಿ ಗೆದ್ದವರು ಅಂತರರಾಷ್ಟ್ರೀಯ ಒಲಿಂಪಿಯಾಡಿಗೆ ಹೋಗುತ್ತಾರೆ. 2016ರಲ್ಲಿ ಅದು ನಮ್ಮ ಮೈಸೂರಿನಲ್ಲೇ ನಡೆದಿತ್ತು. ಹಳೆಯ ಪ್ರಶ್ನೆಪತ್ರಿಕೆಗಳು ಪುಕ್ಕಟೆ ಸಿಗುತ್ತವೆ.

ಇದು ನನಗೆ ಹೊಂದುತ್ತಾ ಅಂತ ತಿಳಿಯುವುದು ಹೇಗೆ?

ಮನೆಯಲ್ಲಿ ಅಜ್ಜಿಯೋ ತಾತನೋ ಇದ್ದರೆ ಒಂದು ಸಂಜೆ ಕೂರಿಸಿಕೊಂಡು ಮಾತಾಡಿಸಿ. ಒಪ್ಪಿಗೆ ಕೇಳಿ ಫೋನಿನಲ್ಲಿ ಹತ್ತು ನಿಮಿಷ ರೆಕಾರ್ಡ್ ಮಾಡಿ. ಗದ್ದೆ ನಾಟಿಯೋ ಜಾತ್ರೆಯೋ, ಅವರಿಗೆ ಹುರುಪು ಬರುವ ವಿಷಯ ಇರಲಿ. ಆಮೇಲೆ ಅದರಲ್ಲಿ ಒಂದೇ ಒಂದು ನಿಮಿಷವನ್ನು ಬಾಯಿ ಹೇಗೆ ಅಂದಿತೋ ಹಾಗೇ ಬರೆಯಿರಿ, ಒಂದಕ್ಷರ ತಿದ್ದದೆ. ಪ್ರಾಟ್ ಅಂತ ಒಂದು ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ. ಅದರಲ್ಲಿ ಹಾಕಿದರೆ ಸದ್ದಿನ ಅಲೆಗಳೂ ಕಾಣುತ್ತವೆ.

ಆ ಒಂದು ನಿಮಿಷ ಬರೆಯಲು ಒಂದು ಗಂಟೆ ಬೇಕಾಗುತ್ತೆ. ಬೇಜಾರಾಯಿತಾ, ಬಿಟ್ಟುಬಿಡಿ. 'ಅರೆ, ಅಜ್ಜಿ ಇಲ್ಲಿ ಹೀಗ್ಯಾಕೆ ಅಂದ್ಳು?' ಅಂತ ರಿವೈಂಡ್ ಮಾಡುತ್ತಾ ಊಟ ಮರೆತಿರಾ, ಮೈಸೂರಿನ ವಿಭಾಗಕ್ಕೆ ಫೋನ್ ಮಾಡಿ. ರೆಕಾರ್ಡ್ ಮಾಡುವಾಗ ಫ್ಯಾನ್ ಆಫ್ ಮಾಡುವುದು ಮರೆಯಬೇಡಿ. ನನ್ನ ಮೊದಲ ಎರಡು ರೆಕಾರ್ಡಿಂಗಿನಲ್ಲಿ ಅಜ್ಜಿಗಿಂತ ಫ್ಯಾನೇ ಜಾಸ್ತಿ ಮಾತಾಡಿದೆ.